ಸುಪ್ರಭಾದ ನಾಲ್ಕು ಬಾಗಿಲು: ಒಂಬತ್ತನೆಯ ಕಂತು

"ನಾನು ಆ ಸೈಟ್ ತೆರೆದು ನೋಡಿದವನೇ ಅಲ್ಲ ಮೇಡಂ. ಕಂಪ್ಯೂಟರಿನ ಗಂಧಗಾಳಿ ನನಗಿಲ್ಲ. ಬೇಕಾದ್ರೆ ಆಣೆ ಹಾಕ್ತೇನೆ."

ಮನೀಶ ಗಲ್ಲೆಯ ಮೇಲಿದ್ದ ಗಣಪತಿಯ ಕಡೆಗೆ ಕೈ ಚಾಚಿಯೇ ಬಿಟ್ಟ. ಅಪರ್ಣಾ ತಡೆದಳು.

"ಆಣೆಗೀಣೆ ಎಲ್ಲ ಬೇಡ. ದೇವರಿಗೆ ಬೇರೆ ಕೆಲಸ ಉಂಟು. ನೀವು ಕೂತ್ಕೊಳ್ಳಿ."

ಕೂತ. ನೆರೂಳದ ಸುಪ್ರಭಾ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದಿತ್ತು, ಚಹಾದ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಕಾಲೇಜಿನ ಹುಡುಗಿಯರಿಬ್ಬರು ಒಂದೇ ಮಸಾಲೆ ದೋಸೆಯನ್ನು ನಡುವೆ ಇಟ್ಟುಕೊಂಡು ಫೋನು ತಿಕ್ಕುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಆದರೂ ಮನೀಶನ ಹಣೆಯಲ್ಲಿ ಬೆವರು ಒಡೆದಿತ್ತು, ಅದು ಅಪರ್ಣಾಳ ಕಣ್ಣು ತಪ್ಪಲಿಲ್ಲ.

ಕಳೆದುಹೋದ ಸರ, ಓಡಿಹೋದ ಗಂಡ ಇಂಥವನ್ನು ಹುಡುಕಿಸಲು ಜನ ಬೇರೆ ಪತ್ತೇದಾರರ ಹತ್ತಿರ ಹೋಗುತ್ತಾರೆ. ಠಾಣೆ ಊರಿನಲ್ಲಿ ಒಂದು ಕೋಣೆಯ ಆಫೀಸು ಇಟ್ಟುಕೊಂಡಿರುವ ಅಪರ್ಣಾ ಉಡುಪಳ ಹತ್ತಿರ ಬರುವವರು ಇಂಟರ್ನೆಟ್ಟಿನಲ್ಲಿ ಕಳೆದುಹೋದವರು. ಸುಪ್ರಭಾ ಕೇಟರಿಂಗ್‌ನವರು ಹಾಗೆ ಬಂದವರೇ. ಡೊಂಬಿವಲಿ, ಕಲ್ಯಾಣ, ನೆರೂಳ, ಖಾರಘರ, ನಾಲ್ಕು ಕಡೆ ಹೋಟೆಲು, ನಾಲ್ಕೂ ಕಡೆಯಿಂದ ಮದುವೆ ಮುಂಜಿಯ ಅಡುಗೆ. ತುಳಸಿ ಪೂಜೆ ಮುಗಿದು ಮುಹೂರ್ತಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಅವರ ಹೆಸರು ಗೂಗಲ್‌ನಿಂದ ಮಾಯವಾಗಿತ್ತು. ಈಗ ಹೆಣ್ಣಿನ ಅಪ್ಪ ಅಡುಗೆಯವರನ್ನು ಹುಡುಕುವುದು ಫೋನಿನಲ್ಲಿ ತಾನೇ? ಅಲ್ಲಿ ಕಾಣದವರು ಅವನ ಪಾಲಿಗೆ ಇಲ್ಲದವರೇ.

ಯಜಮಾನ, ಮನೀಶನ ಅಪ್ಪ ತಾರಾನಾಥ ರಾಯರ ಸಂಶಯವೆಲ್ಲ ಸೋದರಳಿಯ ಸಮಿತನ ಮೇಲೆ. ಸೈಟುಗಳ ಬೀಗದ ಕೈ ಇದ್ದದ್ದು ಅವನೊಬ್ಬನ ಹತ್ತಿರ. ಇವತ್ತು ಸಂಜೆ ಕಲ್ಯಾಣದಲ್ಲಿ ಹುಣ್ಣಿಮೆಯ ಸತ್ಯನಾರಾಯಣ ಪೂಜೆ. ಮಂಗಳಾರತಿ ಆದೊಡನೆ ಅಪರ್ಣಾ ಮನೆಯವರೆಲ್ಲರ ಎದುರು ತೀರ್ಪು ಹೇಳಬೇಕು. ಸಮಿತ್ ತಪ್ಪು ಮಾಡಿಲ್ಲವೆಂದಾದರೆ ಕಲ್ಯಾಣದ ಹೋಟೆಲು ಅವನ ಹೆಸರಿಗೆ. ಮಾಡಿದ್ದಾನೆಂದಾದರೆ ಅವನೂ ಅವನ ವಿಧವೆ ತಾಯಿ ಪುಷ್ಪಾವತಿಯೂ ಗಂಟುಮೂಟೆ ಕಟ್ಟಬೇಕು. ರಾಯರ ಮಾತೆಂದರೆ ಮಾತು.

ಅಪರ್ಣಾ ತನ್ನ ಎರಡು ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

"ಇದು ನಿಮ್ಮ ನೆರೂಳದ ಪೇಜು. ಇದು ಕಲ್ಯಾಣದ್ದು. ಏನು ವ್ಯತ್ಯಾಸ ಕಾಣ್ತದೆ?"

ಮನೀಶ ಬಗ್ಗಿ ನೋಡಿದ. "ಎರಡೂ ಒಂದೇ."

"ಖಾರಘರದ್ದೂ ಒಂದೇ. ಡೊಂಬಿವಲಿಯದ್ದೂ ಒಂದೇ. ಒಂದಕ್ಷರ ಬಿಟ್ಟಿಲ್ಲ. ಫೋಟೋದಲ್ಲಿರುವ ಮದುಮಗಳೂ ಒಬ್ಬಳೇ. ನಾಲ್ಕು ಊರಲ್ಲಿ ನಾಲ್ಕು ಸಲ ಮದುವೆಯಾಗಿದ್ದಾಳೆ, ಪಾಪ."

"ಅದರಲ್ಲಿ ತಪ್ಪೆಂತ ಉಂಟು? ನಮ್ಮ ನಾಲ್ಕೂ ಹೋಟೆಲಲ್ಲಿ ಸಾಂಬಾರು ಒಂದೇ. ಗಿರಾಕಿಗಳು ಬರುವುದೇ ಅದಕ್ಕೆ."

"ಸಾಂಬಾರಿನ ರುಚಿ ಗೂಗಲ್‌ಗೆ ಗೊತ್ತಿಲ್ಲ ಮಾರಾಯ್ರೆ. ಒಂದೇ ಬರಹ ನಾಲ್ಕು ವಿಳಾಸದಲ್ಲಿ ಕಂಡ್ರೆ, ಒಬ್ಬನೇ ಮನುಷ್ಯ ಅಂಗಿ ಬದಲಾಯಿಸಿ ನಾಲ್ಕು ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಅದಕ್ಕೆ ಕಾಣ್ತದೆ. ಮೇಲಿಂದ ಇಲ್ಲಿ ಅಡಿಯಲ್ಲಿ ನೋಡಿ. ಠಾಣೆಯ ಉತ್ತಮ ಅಡುಗೆ, ವಾಶಿಯ ಉತ್ತಮ ಅಡುಗೆ, ಪನ್ವೇಲಿನ ಉತ್ತಮ ಅಡುಗೆ... ಕಂಡ ಕಂಡ ಊರಿನ ಹೆಸರು ತುರುಕಿದ್ದಾರೆ. ನಾಲ್ಕು ಸೈಟೂ ಒಂದಕ್ಕೊಂದು ಲಿಂಕ್ ಹಾಕಿಕೊಂಡು ತಮ್ಮನ್ನು ತಾವೇ ಹೊಗಳಿಕೊಳ್ತಾ ಇದ್ದಾವೆ. ಗೂಗಲ್ ಸುಮ್ಮನಿರ್ತದಾ? ಮೋಸ ಅಂತ ನಾಲ್ಕನ್ನೂ ಎತ್ತಿ ಹೊರಗೆ ಹಾಕಿದೆ."

"ಹಾಗಾದ್ರೆ ಸಮಿತನದ್ದೇ ತಪ್ಪು ಅಂತ ಆಯ್ತಲ್ಲ?"

ಆ ಮಾತು ಒಂಚೂರು ಬೇಗನೆ ಬಂತು. ಅಪರ್ಣಾ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಳು.

"ಸಮಿತ್ ಇಷ್ಟು ವರ್ಷ ನಡೆಸಿದ್ದು ಹೀಗಲ್ಲ. ಅವನು ಇಟ್ಟದ್ದು ಒಂದೇ ಮನೆ, ಡೊಂಬಿವಲಿಯ ಸೈಟು. ಉಳಿದ ಮೂರು ಸೈಟಿನ ಹೆಸರು ಬರೇ ಬಾಗಿಲು. ಯಾವ ಬಾಗಿಲಿಂದ ಬಂದ್ರೂ ಅದೇ ಮನೆಗೆ ಬರ್ತಿದ್ರು. ಒಳಗೆ ಆಯಾ ಊರಿಗೆ ಬೇರೆ ಬೇರೆ ಕೋಣೆ, ಆ ಊರಿನದ್ದೇ ಫೋಟೋ, ಆ ಊರಿನದ್ದೇ ವಿಷಯ. ಇದಕ್ಕೆ ರೀಡೈರೆಕ್ಟ್ ಅಂತಾರೆ. ಹಾಗೆ ಮಾಡಿದ್ರೆ ಹೆಸರು ನಾಲ್ಕಿರ್ಲಿ, ನಲವತ್ತಿರ್ಲಿ, ಯಾರೂ ತಕರಾರು ಮಾಡುವುದಿಲ್ಲ. ಎಷ್ಟು ಚಂದದ ವ್ಯವಸ್ಥೆ!"

"ಎಂತ ಚಂದ!" ಮನೀಶ ಮೇಜು ಕುಟ್ಟಿದ. "ನೆರೂಳ ಅಂತ ಒತ್ತಿದ್ರೆ ಮೊದಲು ಕಾಣುವುದು ಡೊಂಬಿವಲಿಯ ಬೋರ್ಡು. ಆಮೇಲೆ ಅಪ್ಪನ ಫೋಟೋ. ಅದರ ಅಡಿಯಲ್ಲಿ ಸಮಿತನ ಫೋನ್ ನಂಬರು! ನನ್ನ ಹೆಸರು ಸಿಗ್ಲಿಕ್ಕೆ ಕೆಳಗೆ ಕೆಳಗೆ ಹೋಗ್ಬೇಕು. ಹದಿನಾರು ಗಂಟೆ ಈ ಗಲ್ಲೆಯ ಮೇಲೆ ಕೂರುವವ ನಾನು, ಫೋನ್ ಬರುವುದು ಅವನಿಗೆ!"

ಹುಡುಗಿಯರು ತಿರುಗಿ ನೋಡಿದರು. ಅಪರ್ಣಾ ನೀರಿನ ಲೋಟವನ್ನು ಅವನ ಕಡೆಗೆ ತಳ್ಳಿದಳು.

"ಸೈಟ್ ತೆರೆದು ನೋಡಿದವನೇ ಅಲ್ಲ ಅಂದ್ರಿ."

ಮನೀಶ ಲೋಟ ಎತ್ತಿಕೊಂಡ. ನೀರು ಕುಡಿದ. ಇನ್ನೊಂದು ಗುಟುಕು ಕುಡಿದ. ಮಾತು ತಪ್ಪಿಸಲು ಎಷ್ಟು ನೀರು ಕುಡಿಯಬಹುದು ಒಬ್ಬ ಮನುಷ್ಯ? ಕೊನೆಗೂ ಲೋಟ ಖಾಲಿಯಾಯಿತು.

"ಅಪ್ಪನೇ ಹೇಳಿದ್ದು ಮೇಡಂ," ಎಂದ ಸಣ್ಣ ದನಿಯಲ್ಲಿ.

"ಏನಂತ?"

"ಪಂಕ್ತಿಭೇದ ಬೇಡ ಅಂತ."

ಅಪರ್ಣಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆದದ್ದೇ ನಗಬೇಕೋ ಅಳಬೇಕೋ ತಿಳಿಯದೆ ಕುಳಿತಳು.

ಒಂದೇ ಸಾಲಿನಲ್ಲಿ ಕೂತವರಿಗೆ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಬಡಿಸುವ ಪಾಪ ತಾರಾನಾಥ ರಾಯರ ಅಡುಗೆಮನೆಯಲ್ಲಿ ನಡೆಯುತ್ತಿರಲಿಲ್ಲ. ಒಮ್ಮೆ ಬಡಿಸುವವನೊಬ್ಬ ಬಿಲ್ಡರನ ಎಲೆಗೆ ಎರಡನೆಯ ಹೋಳಿಗೆ ಹಾಕಿ, ಪಕ್ಕದಲ್ಲೇ ಕೂತಿದ್ದ ಅವನ ಡ್ರೈವರನ ಎಲೆ ದಾಟಿ ಹೋದ. ರಾಯರು ಅವನ ಕೈಯ ಪಾತ್ರೆ ಕಸಿದುಕೊಂಡು ಆವತ್ತೇ ಮನೆಗೆ ಕಳಿಸಿದ್ದರು. ಡೊಂಬಿವಲಿಯ ಕನ್ನಡದವರಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ.

"ನವರಾತ್ರಿ ಊಟಕ್ಕೆ ಎಲ್ಲ ಸೇರಿದ್ದೆವು," ಮನೀಶ ಹೇಳಿದ. "ಮೂರು ಹೆಸರೂ ಡೊಂಬಿವಲಿಗೇ ಹೋಗ್ತದೆ ಅಂತ ನಾನೇ ದೂರು ಹೇಳಿದ್ದು. ಅಪ್ಪನಿಗೆ ಸಿಟ್ಟು ಬಂತು. 'ನಾಲ್ಕು ಹೋಟೆಲೂ ನನಗೆ ಒಂದೇ. ನಾಲ್ಕಕ್ಕೂ ಪೂರ್ತಿ ಸೈಟು ಮಾಡಿ, ಒಂದಕ್ಕಿರುವುದು ಎಲ್ಲದಕ್ಕೂ ಇರ್ಲಿ, ಒಂದಕ್ಷರ ಆಚೀಚೆ ಆಗ್ಬಾರ್ದು' ಅಂದ್ರು. ಸಮಿತ್ ಕೇಳಲಿಲ್ಲ. 'ಹಾಗೆ ಮಾಡಿದ್ರೆ ನಾಲ್ಕೂ ಮುಳುಗ್ತದೆ ಮಾವ' ಅಂದ. ಎದುರು ಮಾತಾಡ್ತಾನೆ ಅಂತ ಅಪ್ಪ ಎದ್ದು ಹೋದ್ರು."

"ಆಮೇಲೆ ನೀವು ಒಳ್ಳೆಯ ಮಗ ಅನಿಸಿಕೊಳ್ಳಲು ಹೊರಟ್ರಿ."

"ಖಾರಘರದಲ್ಲಿ ವಿಕಾಸ್ ಅಂತ ಒಬ್ಬ ಸಿಕ್ಕಿದ. ಒಂದೇ ಮಧ್ಯಾಹ್ನದಲ್ಲಿ ಮಾಡಿ ಕೊಟ್ಟ. ಊರುಗಳ ಹೆಸರು ಹಾಕಿದ್ದು ಅವನದ್ದೇ ತಲೆ. ಗಿರಾಕಿ ಮುಗಿಬೀಳ್ತಾರೆ ಅಂದ, ಲಫಂಗ. ಎಲ್ಲ ಮುಳುಗಿದ ಮೇಲೆ ಅಪ್ಪನ ಹತ್ತಿರ ಹೋಗಿ, ನೀವು ಹೇಳಿದ ಹಾಗೆ ಮಾಡಿದ್ದಕ್ಕೇ ಹೀಗಾಯ್ತು ಅಂತ ಯಾರು ಹೇಳ್ತಾರೆ? ನೀವಾದ್ರೂ ಹೇಳ್ತೀರಾ?"

ಊರವರೆಲ್ಲ ದುರಾಸೆಗೆ ಬಿದ್ದು ಸರ್ಚ್‌ನಿಂದ ಹೊರಬೀಳುತ್ತಾರೆ. ಈ ಮನೆಯವರು ಸಮನಾಗಿ ಬಡಿಸಲು ಹೋಗಿ ಬಿದ್ದಿದ್ದರು. ಇಂಥ ತಪ್ಪು ಉಡುಪಿ ಹೋಟೆಲಿನವರನ್ನು ಬಿಟ್ಟರೆ ಬೇರೆ ಯಾರಿಂದ ಸಾಧ್ಯ! ಸರಿಮಾಡುವುದು ಕಷ್ಟವಿರಲಿಲ್ಲ. ನಕಲು ಅಳಿಸಿ, ಮೂರು ಬಾಗಿಲನ್ನು ಮತ್ತೆ ಒಂದೇ ಮನೆಗೆ ತಿರುಗಿಸಿ, ತಪ್ಪಾಯಿತು ಮತ್ತೊಮ್ಮೆ ನೋಡಿ ಎಂದು ಕೇಳಿಕೊಂಡರೆ ನಿಧಾನಕ್ಕೆ ಹೆಸರು ಹಿಂದೆ ಬರುತ್ತದೆ. ಆದರೆ ಅಪರ್ಣಾಳಿಗೆ ಒಂದು ಎಳೆ ಇನ್ನೂ ಸಿಕ್ಕಿರಲಿಲ್ಲ.

"ಸಮಿತನ ಖಾತೆ ತೆರೆಯಲಿಕ್ಕೆ ಅವನ ಫೋನಿಗೆ ಕೋಡ್ ಬರ್ತದೆ. ಬದಲಾವಣೆ ಆದ ದಿನ ಅವನ ಅಪ್ಪನ ಶ್ರಾದ್ಧ. ಮಡಿಯಲ್ಲಿ ಪುರೋಹಿತರ ಎದುರು ಕೂತಿದ್ದ. ಪಿಂಡ ಹಾಕುವವ ಫೋನು ಮುಟ್ತಾನಾ? ಫೋನು ಅವನ ತಾಯಿಯ ಹತ್ತಿರ ಇತ್ತು. ನೀವು ಬೇಕೆಂದೇ ಆ ದಿನ ಆರಿಸಿದ್ರಿ. ಅಲ್ವಾ?"

"ದಿನ ನಾನು ಆರಿಸಿದ್ದಲ್ಲ."

"ಮತ್ತೆ ಯಾರು?"

ಮನೀಶ ಎದ್ದು ನಿಂತ. "ಅದೊಂದು ಕೇಳ್ಬೇಡಿ. ಮಾತು ಕೊಟ್ಟಿದ್ದೇನೆ. ನಾನು ಮಾಡಿದ್ದು ಅಂತ ಬೇಕಾದ್ರೆ ಎಲ್ಲರೆದುರು ಹೇಳಿ, ಅಪ್ಪ ಹೊಡೆದ್ರೆ ಹೊಡೀಲಿ. ಅದನ್ನು ಮಾತ್ರ ಕೇಳ್ಬೇಡಿ."

ಇಷ್ಟು ಹೊತ್ತು ಅವನ ಮುಖದಲ್ಲಿದ್ದದ್ದು ಅಪ್ಪನ ಹೆದರಿಕೆ. ಈಗಿನದ್ದು ಬೇರೆಯೇ ಹೆದರಿಕೆ ಎಂದು ಅಪರ್ಣಾಳಿಗೆ ಅನಿಸಿತು.

ಠಾಣೆಯಲ್ಲಿ ಗಾಡಿ ಬದಲಿಸುವಾಗ ರಾಯರ ಫೋನು ಬಂತು. ಕಲ್ಯಾಣದ ಕಡೆಯ ಗಾಡಿಗೆ ಕಾದಿದ್ದ ಜನ ಪ್ಲಾಟ್‌ಫಾರ್ಮಿನ ತುದಿಗೆ ನುಗ್ಗುತ್ತಿದ್ದರು. ಒಂದು ಕಿವಿ ಮುಚ್ಚಿಕೊಂಡು ಅವಳು ಮಾತಾಡಿದಳು.

"ಕೆಲಸ ಆಯ್ತಾ ಅಪರ್ಣಾ?"

"ಆದ ಹಾಗೇ ರಾಯರೇ. ಎಲ್ಲರೆದುರೇ ಹೇಳ್ತೇನೆ."

"ಹುಡುಗ ನಿರ್ದೋಷಿ ಅಂತಲೇ ಆಗ್ಲಿ. ನನಗೂ ಅದೇ ಆಸೆ. ಪತ್ರ ತಯಾರಾಗಿ ಕೂತಿದೆ, ಅವನ ರುಜು ಒಂದು ಬಿದ್ರೆ ಮುಗೀತು. ನೀವು ತಡ ಮಾಡ್ಬೇಡಿ."

ಹೋದ ವಾರ ಇದೇ ಮನುಷ್ಯ ಸಮಿತನ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. ಇವತ್ತು ದನಿಯಲ್ಲಿ ಜೇನು. ಪೂಜೆಯ ದಿನವಲ್ಲವೇ, ಮನಸ್ಸು ಮೆತ್ತಗಾಗಿರಬೇಕು ಎಂದುಕೊಂಡು ಅಪರ್ಣಾ ಮಹಿಳೆಯರ ಡಬ್ಬಿಗೆ ನುಗ್ಗಿದಳು. ನುಗ್ಗಿ ನಿಂತ ಮೇಲೂ ಆ ದನಿ ಕಿವಿಯಲ್ಲಿ ಉಳಿಯಿತು, ಇಷ್ಟವಾಗಲಿಲ್ಲ.

ಡೊಂಬಿವಲಿ ದಾಟುವ ಹೊತ್ತಿಗೆ ಅವಳೊಂದು ಲೆಕ್ಕಾಚಾರಕ್ಕೆ ಬಂದಿದ್ದಳು. ಪುಷ್ಪಾವತಿ ಮುಗ್ಧ ಹೆಂಗಸು. ಮನೀಶ ಏನೋ ಸುಳ್ಳು ಹೇಳಿ ಕೋಡ್ ಓದಿಸಿಕೊಂಡಿದ್ದಾನೆ, ಈಗ ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಅಷ್ಟೆ. ಮಗ ಉಳಿದ ಎಂಬ ಸುದ್ದಿಯನ್ನು ತಾಯಿಗೇ ಮೊದಲು ಹೇಳಬೇಕು. ಈ ಕೆಲಸದಲ್ಲಿ ಒಳ್ಳೆಯ ಸುದ್ದಿ ಹೇಳುವ ಯೋಗ ಬರುವುದೇ ಅಪರೂಪ, ಅದನ್ನು ಬಿಡಬಾರದು.

ಕಲ್ಯಾಣದ ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ಪುಷ್ಪಾವತಿ ಒಬ್ಬರೇ ಇದ್ದರು. ತುಪ್ಪದಲ್ಲಿ ಹುರಿದ ರವೆಯ ಪರಿಮಳ ಬೀದಿಯವರೆಗೆ ಬಂದಿತ್ತು. ಪ್ರಸಾದದ ಸಪಾದ ಭಕ್ಷ್ಯಕ್ಕೆ ಬಾಳೆಹಣ್ಣು ಹೆಚ್ಚುತ್ತಿದ್ದರು. ಮೇಲಿನ ಮಹಡಿಯಲ್ಲಿ ಪುರೋಹಿತರು ಕಥೆ ಓದುವುದು ಕೇಳುತ್ತಿತ್ತು.

"ಪುಷ್ಪಕ್ಕ, ನಿಮಗೇ ಮೊದಲು ಹೇಳ್ಬೇಕು ಅಂತ ಓಡಿ ಬಂದೆ. ಸಮಿತ್ ಏನೂ ಮಾಡಿಲ್ಲ. ಮನೀಶ ಒಪ್ಪಿಕೊಂಡ."

ಚಾಕು ನಿಂತಿತು. ನಗು ಬರಬೇಕಾದ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವರೇ. ಸಿಕ್ಕಿಯೇ ಬಿಟ್ತಾ ನಿನಗೆ?"

"ನಿಮ್ಮದೇನೂ ತಪ್ಪಿಲ್ಲ. ಗ್ಯಾಸಿನದ್ದೋ ಬ್ಯಾಂಕಿನದ್ದೋ ಅಂತ ಸುಳ್ಳು ಹೇಳಿ ಅವನು ನಿಮ್ಮಿಂದ ಕೋಡ್..."

"ಅವನು ಸುಳ್ಳು ಹೇಳ್ಲಿಲ್ಲ ಮಗಾ. ನಾನೇ ಅವನನ್ನು ಕರೆದದ್ದು. ಶ್ರಾದ್ಧದ ದಿನ ಫೋನು ನನ್ನ ಕೈಯಲ್ಲಿರ್ತದೆ, ಆವತ್ತು ಮಾಡು ಅಂತ ಹೇಳಿದ್ದೂ ನಾನೇ. ಕೋಡ್ ಓದಿ ಹೇಳಿದ್ದೂ ನಾನೇ."

ಅಪರ್ಣಾ ಹತ್ತಿರವಿದ್ದ ಹಲಗೆಯ ಮೇಲೆ ಕೂತಳು.

"ಮಗನ ಮೇಲೆ ಬರ್ತದೆ ಅಂತ ಗೊತ್ತಿರ್ಲಿಲ್ವಾ ನಿಮಗೆ?"

"ಗೊತ್ತಿತ್ತು. ಬರ್ಬೇಕು ಅಂತಲೇ ಮಾಡಿದ್ದು. ನಾಲ್ಕೂ ಮುಳುಗ್ತದೆ ಅಂತ ಅವನು ಹೇಳಿದ್ದು ಕೇಳಿದ್ದೆ. ಮುಳುಗಿದ್ರೆ ಅಣ್ಣ ಸಿಟ್ಟಿನಲ್ಲಿ ನಮ್ಮನ್ನು ಹೊರಗೆ ಹಾಕ್ತಾನೆ. ಹಾಕ್ಲಿ. ನಾವು ಎಲ್ಲಾದ್ರೂ ಬದುಕ್ತೇವೆ." ಪುಷ್ಪಾವತಿ ಅವಳ ಎರಡೂ ಕೈ ಹಿಡಿದುಕೊಂಡರು. "ಇವತ್ತು ನೀನು ಅವನದ್ದೇ ತಪ್ಪು ಅಂತ ಹೇಳು. ನಿನ್ನ ಕಾಲು ಹಿಡೀತೇನೆ."

"ಎಂತ ಮಾತಾಡ್ತೀರಿ ಪುಷ್ಪಕ್ಕ! ಹೋಟೆಲು ಅವನ ಹೆಸರಿಗೆ ಬರುವ ಹೊತ್ತಲ್ಲಿ..."

"ಬರ್ಬಾರ್ದು! ಅದೇ ಬರ್ಬಾರ್ದು!" ಪುಷ್ಪಾವತಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇದೇ ಹೋಟೆಲು ಅಣ್ಣ ನನ್ನ ಯಜಮಾನರ ಹೆಸರಿಗೂ ಬರೆದಿದ್ದ. ಪುಂಡರೀಕಾಕ್ಷ ಭಾವ, ಪುಂಡರೀಕಾಕ್ಷ ಭಾವ ಅಂತ ತಲೆ ಮೇಲೆ ಹೊತ್ತಿದ್ದ. ಪೂಜೆ ಮಾಡಿ ರುಜು ಹಾಕಿಸಿದ. ಸಮಿತ್ ಆಗ ಬಾಲವಾಡಿಗೆ ಹೋಗ್ತಿದ್ದ. ಆ ವರ್ಷದ ದೀಪಾವಳಿಗೆ ಮೊದಲು ಸಾಮಾನು ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ರು. ಹಾರ್ಟು ಅಂದ್ರು. ಒಂದು ದಿನ ಜ್ವರ ಅಂತ ಮಲಗಿದವರಲ್ಲ ನನ್ನವರು. ಹೋಟೆಲು ಅಣ್ಣನ ಕೈಗೆ ವಾಪಸು ಹೋಯ್ತು. ಅವರ ಹೆಸರಿನಲ್ಲಿ ಅಣ್ಣ ಎಂತೆಲ್ಲ ಸಾಲ, ವ್ಯವಹಾರ ಮಾಡಿದ್ದ, ಎಂತೆಲ್ಲ ಅವರೊಟ್ಟಿಗೇ ಸುಟ್ಟು ಹೋಯ್ತು, ನನಗೆ ಇವತ್ತಿಗೂ ಗೊತ್ತಿಲ್ಲ."

"ಸಮಿತನಿಗೆ ಹೇಳಿದ್ರಾ?"

"ಮಾವ ಅಂದ್ರೆ ಅವನಿಗೆ ದೇವರು. ಅನ್ನ ಹಾಕಿದ ಕೈಯ ಮೇಲೆ ನಾನು ಯಾವ ಬಾಯಲ್ಲಿ ಹೇಳ್ಲಿ? ಚೌತಿಗೆ ಅಣ್ಣ ಬಂದು 'ಕಲ್ಯಾಣ ಇನ್ನು ಸಮಿತನಿಗೆ' ಅಂದ. ಆವತ್ತಿಂದ ನನಗೆ ನಿದ್ದೆ ಇಲ್ಲ."

ಗಂಡನನ್ನು ಕಳೆದುಕೊಂಡ ಹೆಂಗಸಿನ ಹಳೆಯ ಭಯ ಇದು ಎಂದು ತಳ್ಳಿಹಾಕಬಹುದಿತ್ತು. ಪುರಾವೆ ಎಂಬುದು ಚೂರೂ ಇರಲಿಲ್ಲ. ಆದರೆ ಮಗನ ತಲೆಗೆ ತಾನೇ ಕಳಂಕ ಕಟ್ಟುವ ತಾಯಿ ಸುಮ್ಮನೆ ಕಟ್ಟುತ್ತಾಳೆಯೇ? ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕೇಳಿದ ಆ ಸಿಹಿ ದನಿ ಅಪರ್ಣಾಳ ಕಿವಿಗೆ ಮತ್ತೆ ಬಂತು. ಮೇಲೆ ಜಾಗಟೆ ಶುರುವಾಯಿತು.

ಮಹಡಿಯ ಹಾಲಿನಲ್ಲಿ ಮಂಗಳಾರತಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ರೇಷ್ಮೆ ಪಂಚೆ, ಗಂಧದ ಬೊಟ್ಟು, ತಾರಾನಾಥ ರಾಯರು ಮಂಟಪದ ಬದಿಯಲ್ಲಿ ಕೂತಿದ್ದರು. ನೆರೂಳದಿಂದ ಬ್ಯಾಗು ಹೊತ್ತ ಹಾಗೆಯೇ ಬಂದಿದ್ದ ಮನೀಶ ಕಂಬದ ಹಿಂದೆ ನಿಂತಿದ್ದ. ಸಮಿತ್ ಎಲ್ಲರಿಗೂ ತೀರ್ಥ ಕೊಡುತ್ತ ಬಂದವನು ಅಪರ್ಣಾಳನ್ನು ಕಂಡು ಮುಗುಳ್ನಕ್ಕ. ಕೇಳಿದ್ದಕ್ಕೆಲ್ಲ ನಿಜ ಹೇಳಿದವನ ನಗು ಅದು, ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ಹೇಳಿ ಅಪರ್ಣಾ," ಎಂದರು ರಾಯರು. "ದೇವರ ಎದುರು ಹೇಳಿ. ಸೈಟು ಹಾಳು ಮಾಡಿದ್ದು ಯಾರು?"

ಹದಿನೈದು ವರ್ಷದ ಕೆಲಸದಲ್ಲಿ ಅಪರ್ಣಾ ಒಂದೂ ಸುಳ್ಳು ವರದಿ ಕೊಟ್ಟವಳಲ್ಲ. ಅದೊಂದೇ ಅವಳ ಆಸ್ತಿ. ಬಾಗಿಲಲ್ಲಿ ಪ್ರಸಾದದ ಪಾತ್ರೆ ಹಿಡಿದು ಪುಷ್ಪಾವತಿ ನಿಂತಿದ್ದರು.

"ಸಮಿತ್," ಎಂದಳು ಅಪರ್ಣಾ. "ಸಮಿತನೇ ಮಾಡಿದ್ದು."

"ಅಕ್ಕ!" ಎಂದ ಸಮಿತ್. ಕೈಯ ಉದ್ಧರಣೆಯಿಂದ ತೀರ್ಥ ಚೆಲ್ಲಿತು. ಕಂಬದ ಹಿಂದೆ ಮನೀಶ ತಲೆ ಎತ್ತಿ, ಅಪರ್ಣಾಳನ್ನು ನೋಡಿ, ಮತ್ತೆ ತಗ್ಗಿಸಿದ.

ಎಲ್ಲರೂ ರಾಯರ ಸಿಟ್ಟಿಗೆ ಕಾದರು. ಆ ಸಿಟ್ಟು ಬಂದುಬಿಡಲಿ ಎಂದು ಅಪರ್ಣಾ ಒಳಗೊಳಗೇ ಬೇಡಿಕೊಂಡಳು.

ರಾಯರು ಸೋದರಳಿಯನ ಕಡೆ ತಿರುಗಿದರು. ಆಮೇಲೆ ಮೆಲ್ಲನೆ ನಕ್ಕರು.

"ಮಕ್ಕಳು ತಪ್ಪು ಮಾಡ್ತಾರೆ. ಹಿರಿಯರಾದವರು ಹೊಟ್ಟೆಗೆ ಹಾಕಿಕೊಳ್ಬೇಕು. ಪೂಜೆಯ ದಿನ ಯಾರನ್ನಾದ್ರೂ ಹೊರಗೆ ಹಾಕ್ಲಿಕ್ಕುಂಟಾ? ಕ್ಷಮಿಸಿದೆ. ಇಲ್ಲಿ ಬಾ ಸಮಿತ್, ಹತ್ತಿರ ಬಾ."

ಪಕ್ಕದ ಮಣೆಯ ಮೇಲಿದ್ದ ಪತ್ರವನ್ನು ಅವರು ಬಿಡಿಸಿ ಹಿಡಿದರು.

"ಕಲ್ಯಾಣದ ಹೋಟೆಲು ಇವತ್ತಿಂದ ನಿನ್ನದೇ. ಇಲ್ಲಿ ರುಜು ಹಾಕು."

ಪುಷ್ಪಾವತಿ ಪ್ರಸಾದದ ಪಾತ್ರೆ ನೆಲಕ್ಕಿಟ್ಟು, ಬೇಡ ಎಂದು ಮಗನ ಕಡೆ ತಲೆಯಾಡಿಸಿದರು. ಸಮಿತನಿಗೆ ಅದು ಕಾಣಲಿಲ್ಲ. ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆಯೇ ಅವನಿಗೆ ದೊಡ್ಡದಾಗಿತ್ತು. ಮಾವನ ಕಾಲಿಗೆ ಬಿದ್ದು ಎದ್ದ, ಕಣ್ಣೊರೆಸಿಕೊಂಡ, ಪೆನ್ನಿಗೆ ಕೈ ಚಾಚಿದ.